ಬೈಕ್ ಗ್ಯಾರೇಜಿನಲ್ಲಿ ಸಾಮಾನು ಕೈಗೆ ಸಿಗುವಂತೆ ಇಡುವುದು ಹೇಗೆ?

ಚಿಕ್ಕ ಬೈಕ್ ಗ್ಯಾರೇಜು, ಕೆಲಸಕ್ಕೆ ಇಬ್ಬರು ಹುಡುಗರು, ಪಾನಾ ಹುಡುಕುವುದರಲ್ಲೇ ಹೊತ್ತು ಹೋಗುತ್ತೆ, ಹೊಸ ರ್ಯಾಕ್ ತಗೊಳ್ಳಲಾ ಅಂತ ಕೇಳಿದ್ದೀರಿ. ನಾನೂ ಬೈಕ್ ರಿಪೇರಿ ಮಾಡುವವನೇ. ರ್ಯಾಕ್ ಸದ್ಯಕ್ಕೆ ಬೇಡ. ಮೊದಲು ಸವೆದ ಬ್ರೇಕ್ ಶೂ, ತುಂಡಾದ ಕೇಬಲ್, ಹಳೇ ಚೈನು ಎಲ್ಲ ಗುಜರಿಗೆ ಹಾಕಿ. ಆಯುಧಪೂಜೆಗೆ ಎಲ್ಲರೂ ಗ್ಯಾರೇಜು ತೊಳೆಯುತ್ತೇವೆ, ಆದರೆ ಈ ರಾಶಿಯನ್ನು ಮೂಲೆಯಿಂದ ಮೂಲೆಗೆ ತಳ್ಳುತ್ತೇವೆ ಅಷ್ಟೇ, ಅಲ್ವಾ?

ಪಾನಾಗಳನ್ನು ಡಬ್ಬದಲ್ಲಿ ತುಂಬಬೇಡಿ. ಗೋಡೆಗೆ ಪ್ಲೈವುಡ್ ಹಲಗೆ ಹೊಡೆದು, ಮೊಳೆಗೆ ನೇತುಹಾಕಿ, ಒಂದೊಂದರ ಸುತ್ತಲೂ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ವಾಪಸ್ ಬಾರದ್ದು ಯಾವುದು ಅಂತ ಖಾಲಿ ಗೆರೆಯೇ ಹೇಳುತ್ತದೆ. ಗಾಡಿ ಗಿರಾಕಿ ಕೈಗೆ ಕೊಡುವ ಮೊದಲು ಒಮ್ಮೆ ಹಲಗೆ ನೋಡುವ ಅಭ್ಯಾಸ ಹುಡುಗರಿಗೂ ಮಾಡಿಸಿ. ಪಾನಾ ಸೀಟಿನ ಕೆಳಗೆ ಉಳಿದಿದ್ದರೆ ಅಲ್ಲೇ ಸಿಗುತ್ತದೆ. 10 ಮಿಲಿಮೀಟರಿನ ಪಾನಾ ಮಾತ್ರ ಎರಡು ಇಟ್ಟುಕೊಳ್ಳಿ, ಕೈಗೆ ಹತ್ತಿರದಲ್ಲಿ. ಬೈಕಿನಲ್ಲಿ ಜಾಸ್ತಿ ಇರುವುದು 6 ಮಿಲಿಮೀಟರ್ ದಪ್ಪದ ಬೋಲ್ಟು, ಅದರ ತಲೆಗೆ ಸಾಮಾನ್ಯವಾಗಿ ಕೂರುವುದು 10ರ ಪಾನಾನೇ.

ಇದಕ್ಕಿಂತ ಮುಖ್ಯವಾದದ್ದು ಬಿಚ್ಚಿದ ಸಾಮಾನು. ಕ್ಲಚ್ ಕವರಿನ ಬೋಲ್ಟುಗಳನ್ನೇ ನೋಡಿ. ತಲೆ ಎಲ್ಲದಕ್ಕೂ ಒಂದೇ, ಉದ್ದ ಬೇರೆ ಬೇರೆ. ಗಿಡ್ಡ ಬೋಲ್ಟು ಉದ್ದದ ಜಾಗಕ್ಕೆ ಹೋದರೆ ನಾಲ್ಕೈದು ಸುತ್ತು ಮಾತ್ರ ಹಿಡಿಯುತ್ತದೆ, ಬಿಗಿ ಮಾಡುವಾಗ ಅಲ್ಯೂಮಿನಿಯಂ ಥ್ರೆಡ್ಡು ಕಿತ್ತು ಬರುತ್ತದೆ. ಉದ್ದದ್ದು ಗಿಡ್ಡ ಜಾಗಕ್ಕೆ ಹೋದರೆ ತಳ ಮುಟ್ಟಿಬಿಡುತ್ತದೆ. ಬಿಗಿಯಾಯಿತು ಅನಿಸುತ್ತದೆ, ಕವರ್ ಕೂತಿರುವುದಿಲ್ಲ, ಎಣ್ಣೆ ಸೋರುತ್ತದೆ. ಇನ್ನೂ ಬಲವಾಗಿ ತಿರುಗಿಸಿದರೆ ಎಂಜಿನ್ ಕೇಸೇ ಬಿರುಕು ಬಿಡಬಹುದು. ಅದಕ್ಕೆ ಒಂದು ರಟ್ಟಿನ ಮೇಲೆ ಕವರಿನ ಆಕಾರ ಬರೆದು, ತೂತು ಇರುವ ಕಡೆಯೆಲ್ಲ ಚುಚ್ಚಿ, ಬಿಚ್ಚಿದ ಬೋಲ್ಟನ್ನು ಅದರದರ ಜಾಗಕ್ಕೇ ಸಿಕ್ಕಿಸಿ. ಕಾಸು ಖರ್ಚಿಲ್ಲ. ಬೇರೆಯವರು ಬಂದು ಜೋಡಿಸಿದರೂ ತಪ್ಪುವುದಿಲ್ಲ.

ಒಂದು ಗಾಡಿಗೆ ಒಂದೇ ಟ್ರೇ, ಅದರ ಮೇಲೆ ಗಾಡಿ ನಂಬರು. ಇದರಲ್ಲಿ ರಾಜಿ ಬೇಡ. ಪಾರ್ಟ್ಸ್ ಬರುವುದು ತಡವಾಗಿ ಗಾಡಿ ವಾರಗಟ್ಟಲೆ ನಿಂತರೆ ಯಾವ ವಾಷರ್ ಯಾವುದರದ್ದು ಅಂತ ಯಾರ ತಲೆಯಲ್ಲೂ ಉಳಿದಿರುವುದಿಲ್ಲ. ಬದಲಾಯಿಸಿದ ಹಳೇ ಪಾರ್ಟನ್ನೂ ಅದೇ ಟ್ರೇನಲ್ಲಿಟ್ಟು ಗಿರಾಕಿಗೆ ತೋರಿಸಿ. ಬಿಲ್ಲಿನ ಬಗ್ಗೆ ಮಾತು ಬೆಳೆಯುವುದಿಲ್ಲ.

ನೆಲಕ್ಕೆ ಎಣ್ಣೆ ಬಿದ್ದರೆ ಆಗಲೇ ಮರದ ಹೊಟ್ಟು ಚೆಲ್ಲಿ ಗುಡಿಸಿಬಿಡಿ, ಸಂಜೆಗೆ ಅಂತ ಬಿಡಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡುತ್ತದೆ. ಹಾಗಾಗಿ ಪೆಟ್ರೋಲಿನಲ್ಲಿ ಪಾರ್ಟ್ಸ್ ತೊಳೆಯುವ ತಟ್ಟೆ ಬಾಗಿಲ ಹತ್ತಿರ ಇರಲಿ, ವೆಲ್ಡಿಂಗ್, ಗ್ರೈಂಡರ್ ದೂರ ಇರಲಿ. ಎಣ್ಣೆ ಒರೆಸಿದ ಬಟ್ಟೆ ಮುಚ್ಚಳವಿರುವ ತಗಡಿನ ಡಬ್ಬಕ್ಕೆ. ಇಳಿಸಿದ ಎಂಜಿನ್ ಆಯಿಲ್ ಕ್ಯಾನಿಗೆ. ಕೇಂದ್ರ ಸರ್ಕಾರದ 2016ರ ತ್ಯಾಜ್ಯ ನಿಯಮದಲ್ಲಿ ಅದು ಅಪಾಯಕಾರಿ ತ್ಯಾಜ್ಯ. ಚರಂಡಿಗೆ ಬಿಡಬೇಡಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಕೊಡಿ.