ಗೂಡು ಎಣಿಸುವುದೂ ಸಂಶೋಧನೆಯೇ?

ನೀವು ಕೇಳಿದ್ದು ಇಷ್ಟು: ಕೀಟನಾಶಕಗಳಿಂದ ಹಕ್ಕಿಗಳಿಗೆ ಏನಾಗುತ್ತದೆ ಎಂದು ಪಿಎಚ್‌ಡಿ ಮಾಡುವ ಆಸೆ. ಆದರೆ ಗೈಡ್ ಮೊದಲ ವರ್ಷ ಪೂರ್ತಿ ಗೂಡು ಎಣಿಸಿ, ಮೊಟ್ಟೆ ಅಳೆಯಿರಿ ಎಂದಿದ್ದಾರೆ. ಇದು ಸಂಶೋಧನೆಯಾ, ಸುಮ್ನೆ ಕಾಲ ಕಳೆಯೋದಾ?

ಸಂಶೋಧನೆಯೇ. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಈ ಪ್ರಶ್ನೆ ಬಂದಾಗಲೆಲ್ಲ ಬ್ರಿಟನ್ನಿನ ಪಕ್ಷಿ ಸಂಶೋಧಕ ಡೆರೆಕ್ ರಾಟ್‌ಕ್ಲಿಫ್ ಅವರ ಕಥೆ ಹೇಳುತ್ತೇನೆ.

ಅವರಿಗೆ ಚಿಕ್ಕ ವಯಸ್ಸಿನಿಂದಲೂ ಬಂಡೆ ಹತ್ತಿ ಪೆರಿಗ್ರಿನ್ ಫಾಲ್ಕನ್ ಎಂಬ ಬೇಟೆ ಹಕ್ಕಿಯ ಗೂಡು ನೋಡುವ ಹುಚ್ಚು. (ನಮ್ಮಲ್ಲಿರುವ ಶಾಹೀನ್ ಇದರದ್ದೇ ಉಪಜಾತಿ.) 1950ರ ದಶಕದಲ್ಲಿ ಗೂಡುಗಳಲ್ಲಿ ಒಡೆದ ಮೊಟ್ಟೆಗಳು ಕಾಣತೊಡಗಿದವು. 1958ರಲ್ಲಿ ಅದರ ಬಗ್ಗೆ ಒಂದು ಲೇಖನ ಬರೆದರು. ಕಾರಣ ಗೊತ್ತಿರಲಿಲ್ಲ. ಕಂಡದ್ದನ್ನು ಬರೆದಿಟ್ಟರು, ಅಷ್ಟೆ.

1960ರಲ್ಲಿ ರೇಸ್ ಪಾರಿವಾಳ ಸಾಕುವವರು ಸರ್ಕಾರಕ್ಕೆ ದೂರು ಕೊಟ್ಟರು. ಫಾಲ್ಕನ್‌ಗಳು ಜಾಸ್ತಿಯಾಗಿ ನಮ್ಮ ಪಾರಿವಾಳ ತಿನ್ನುತ್ತಿವೆ, ಅವಕ್ಕಿರುವ ರಕ್ಷಣೆ ತೆಗೆಯಿರಿ ಎಂದು. ಹಾಗಾದರೆ ಎಣಿಸಿಯೇ ನೋಡೋಣ ಎಂದು 1961ರಲ್ಲಿ ದೇಶದ ತುಂಬ ಗಣತಿ ಶುರುವಾಯಿತು. ಅದರ ಹೊಣೆ ರಾಟ್‌ಕ್ಲಿಫ್‌ಗೆ ಬಂತು. ಲೆಕ್ಕ ಪೂರ್ತಿ ಉಲ್ಟಾ! 1963ರ ಹೊತ್ತಿಗೆ ಫಾಲ್ಕನ್‌ಗಳು ಎರಡನೇ ಮಹಾಯುದ್ಧಕ್ಕೆ ಮುಂಚೆ ಇದ್ದದ್ದರ ಅರ್ಧಕ್ಕಿಂತ ಕಡಿಮೆ ಉಳಿದಿದ್ದವು. ಯಾವ ಬಂಡೆಯಲ್ಲಿ ಗೂಡಿತ್ತು ಎಂಬ ಹಳೆಯ ಲೆಕ್ಕ ಇಲ್ಲದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ನನಗೆ ಅತಿ ಇಷ್ಟವಾದ ಭಾಗ ಮುಂದಿನದು. ಆ ದೇಶದಲ್ಲಿ ಹಕ್ಕಿ ಮೊಟ್ಟೆ ಕೂಡಿಡುವ ಹವ್ಯಾಸ ಬಹಳ ಹಳೆಯದು. ಸಣ್ಣ ತೂತು ಮಾಡಿ, ಒಳಗಿನದ್ದನ್ನು ತೆಗೆದು, ಚಿಪ್ಪನ್ನು ತಾರೀಖಿನ ಸಮೇತ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಆ ಹವ್ಯಾಸವನ್ನು ನಾನು ಒಪ್ಪುವುದಿಲ್ಲ. ಆದರೆ ರಾಟ್‌ಕ್ಲಿಫ್‌ಗೆ ಬೇಕಾದ ಉತ್ತರ ಆ ಪೆಟ್ಟಿಗೆಗಳಲ್ಲೇ ಇತ್ತು. ಚಿಪ್ಪನ್ನು ತೂಗಿದರು. ಉದ್ದ ಅಗಲ ಅಳೆದು, ಎರಡನ್ನೂ ಗುಣಿಸಿ, ತೂಕವನ್ನು ಅದರಿಂದ ಭಾಗಿಸಿದರು. ಒಂದು ಚಿಪ್ಪನ್ನೂ ಒಡೆಯದೆ ಎಷ್ಟು ದಪ್ಪ ಇದೆ ಎಂಬ ಅಂದಾಜು ಸಿಕ್ಕಿತು. ದಶಕಗಳ ಕಾಲ ಹೆಚ್ಚುಕಡಿಮೆ ಒಂದೇ ಆಗಿದ್ದ ಅಂಕಿ 1947ರ ಸುಮಾರಿಗೆ ದಿಢೀರನೆ ಇಳಿದಿತ್ತು, ಸರಾಸರಿ ನೂರಕ್ಕೆ 19ರಷ್ಟು. ಡಿಡಿಟಿ ಎಂಬ ಕೀಟನಾಶಕ ಹೊಲಗಳಿಗೆ ಬಂದದ್ದು ಆ ಹೊತ್ತಿಗೇ.

ಇದನ್ನು 1967ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮರುವರ್ಷ ಅಮೆರಿಕದಲ್ಲಿ ಹಿಕ್ಕಿ ಮತ್ತು ಆಂಡರ್ಸನ್ ಎಂಬ ಸಂಶೋಧಕರು ಕೂಡ ಇಂಥದ್ದನ್ನೇ ಕಂಡರು. ಡಿಡಿಟಿ ಹಕ್ಕಿಯ ಮೈಯಲ್ಲಿ ಡಿಡಿಇ ಎಂಬ ಇನ್ನೊಂದು ರಾಸಾಯನಿಕವಾಗಿ ಉಳಿದು, ಚಿಪ್ಪಿಗೆ ಕ್ಯಾಲ್ಸಿಯಂ ಹೋಗದಂತೆ ತಡೆಯುತ್ತದೆ ಎಂಬುದನ್ನೆಲ್ಲ ಲ್ಯಾಬಿನವರು ತೋರಿಸಿಕೊಟ್ಟದ್ದು ಆಮೇಲೆ. ಏನನ್ನು ಹುಡುಕಬೇಕು ಅನ್ನೋದು ಅವರಿಗೆ ಗೊತ್ತಾಗಿದ್ದು ತಕ್ಕಡಿಯಿಂದ, ಅಲ್ವಾ?

ನಮ್ಮ ದೇಶದಲ್ಲೂ ಹೀಗೇ ಆಯಿತು. ರಾಜಸ್ಥಾನದ ಭರತ್‌ಪುರದ ಕೇವಲಾದೇವ್ ರಾಷ್ಟ್ರೀಯ ಉದ್ಯಾನದಲ್ಲಿ ವಿಜ್ಞಾನಿ ವಿಭು ಪ್ರಕಾಶ್ 1980ರ ದಶಕದಲ್ಲೇ ರಣಹದ್ದಿನ ಗೂಡು ಎಣಿಸಿಟ್ಟಿದ್ದರು. 1996ರ ನಂತರ ಮತ್ತೆ ಎಣಿಸಿದಾಗಲೇ ಅವು ಕುಸಿಯುತ್ತಿರುವುದು ಗೊತ್ತಾದದ್ದು. ದನಗಳಿಗೆ ಕೊಡುವ, ಸತ್ತ ದನ ತಿಂದಾಗ ರಣಹದ್ದಿನ ಮೈ ಸೇರುವ ನೋವಿನ ಔಷಧಿ ಡೈಕ್ಲೋಫೆನಾಕ್ ಕಾರಣ ಎಂದು ತಿಳಿದದ್ದು 2004ರಲ್ಲಿ. 2006ರಲ್ಲಿ ಸರ್ಕಾರ ದನಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉದ್ದ ಕೊಕ್ಕಿನ ರಣಹದ್ದನ್ನು ನೋಡಿದಾಗಲೆಲ್ಲ ನನಗೆ ಆ ಎಣಿಕೆ ನೆನಪಾಗುತ್ತದೆ.

ನನ್ನದೂ ಒಂದು ತಪ್ಪು ಹೇಳುತ್ತೇನೆ. ಎಂ.ಎಸ್ಸಿ ಓದುವಾಗ ನಮ್ಮೂರ ಕೆರೆಯಲ್ಲಿ ಎರಡು ವರ್ಷ ಕೊಕ್ಕರೆ ಎಣಿಸಿದ್ದೆ. ಸಂಖ್ಯೆ ಬರೆದೆ. ಎಷ್ಟು ಹೊತ್ತಿಗೆ, ಎಲ್ಲಿ ನಿಂತು ಎಣಿಸಿದೆ ಎಂದು ಬರೆಯಲಿಲ್ಲ. ಈಗ ಆ ಕೆರೆಗೆ ಕೊಳಚೆ ನೀರು ಬರುತ್ತಿದೆ. ಹಕ್ಕಿಗಳು ಕಡಿಮೆಯಾಗಿರುವುದು ಕಣ್ಣಿಗೆ ಕಾಣುತ್ತದೆ. ಆದರೆ ನನ್ನ ನೋಟ್‌ಬುಕ್ ತೆಗೆದು ತೋರಿಸಿದರೆ ಯಾರೂ ಒಪ್ಪುವ ಹಾಗಿಲ್ಲ. ಅದು ಈಗಲೂ ನೋಯಿಸುತ್ತದೆ.

ಹಾಗಾಗಿ ಪ್ರತಿ ಗೂಡಿನ ಮುಂದೆ ತಾರೀಖು, ಹೊತ್ತು, ಜಾಗ, ಎಣಿಸಿದವರ ಹೆಸರು ಬರೆಯಿರಿ. ಖಾಲಿ ಗೂಡನ್ನೂ ಬರೆಯಿರಿ. ಮರಿಯಾಗದೆ ಉಳಿದ ಮೊಟ್ಟೆಗಳನ್ನು ಎತ್ತಿಡುವುದಾದರೆ ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಅರ್ಜಿಯನ್ನು ಈ ವಾರವೇ ಹಾಕಿ, ಅನುಮತಿ ಬರಲು ಸಮಯ ಹಿಡಿಯಬಹುದು.