ಬೇಸಿಗೆಯಲ್ಲಿ ಬೆಂಗಳೂರಿನ ಕೆರೆಗಳಲ್ಲಿ ಮೀನು ಸಾಯುವುದು ಬಿಸಿಲಿಗೋ, ಕೊಳಚೆಗೋ?

ಎರಡಕ್ಕೂ. ಆದರೆ ನನ್ನ ಪ್ರಕಾರ ಕೊಳಚೆಯ ಪಾಲೇ ಜಾಸ್ತಿ, ಬಿಸಿಲು ಕೊನೆಯ ಏಟು ಕೊಡುತ್ತದೆ ಅಷ್ಟೇ.

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಇದ್ದರೆ 30 ಡಿಗ್ರಿಗೆ ಏಳೂವರೆ (ಇದು ಸಮುದ್ರ ಮಟ್ಟದ ಲೆಕ್ಕ, ನಮ್ಮ ಎತ್ತರಕ್ಕೆ ಇನ್ನೂ ಸ್ವಲ್ಪ ಕಮ್ಮಿ). ಶುದ್ಧ ಕೆರೆಯಲ್ಲಾದರೆ ಮೀನಿಗೆ ಅಷ್ಟು ಸಾಕು. ಆದರೆ ಚರಂಡಿ ನೀರು ಬಂದು ಬೀಳುವ ಕೆರೆಯಲ್ಲಿ ಪಾಚಿ ಹುಲುಸಾಗಿ ಬೆಳೆಯುತ್ತದೆ, ಹಗಲು ಆಮ್ಲಜನಕ ಬಿಡುವ ಅದೇ ಪಾಚಿ ರಾತ್ರಿ ಎಳೆದುಕೊಳ್ಳುತ್ತದೆ, ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳಂತೂ ಹಗಲೂ ರಾತ್ರಿ ಎಳೆಯುತ್ತಲೇ ಇರುತ್ತವೆ. ಬೆಳಗಿನ ಜಾವ ವಾಕಿಂಗ್ ಹೋದಾಗ ಮೀನುಗಳು ಮೇಲೆ ಬಂದು ಬಾಯಿ ಬಿಡುವುದನ್ನು ನೋಡಿರಬಹುದು ಅಲ್ವಾ? ಹಸಿವಿಗಲ್ಲ, ಉಸಿರಿಗೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದವು.

ಮಳೆ ಬಂದರೆ ಬಚಾವ್ ಅಂದುಕೊಳ್ಳಬೇಡಿ. ಕಾಂಕ್ರೀಟ್ ನೆಲದಲ್ಲಿ ನೀರು ಇಂಗುವುದಿಲ್ಲ, ರಾಜಕಾಲುವೆಯಲ್ಲಿ ತಿಂಗಳುಗಟ್ಟಲೆ ಕೂತ ಕೊಳಕೆಲ್ಲ ಮೊದಲ ಜೋರು ಮಳೆಗೆ ಒಂದೇ ಸಲ ಕೆರೆಗೆ ನುಗ್ಗುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7% ಹೆಚ್ಚು ತೇವ ಹಿಡಿಯುತ್ತದೆ, ಹಾಗಾಗಿ ಇಂಥ ಜೋರು ಮಳೆಯೂ ಹೆಚ್ಚುತ್ತಿದೆ. ನೀರು ಹಂಚಿಕೊಳ್ಳಲು ಪಕ್ಕದ ಕೆರೆಯೂ ಉಳಿದಿಲ್ಲ: ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು.

ಇಷ್ಟಾದರೂ ಬದುಕುವ ಮೀನೊಂದಿದೆ, ಆಫ್ರಿಕನ್ ಕ್ಯಾಟ್‌ಫಿಶ್. ಅದು ನೇರವಾಗಿ ಗಾಳಿಯನ್ನೇ ಉಸಿರಾಡುತ್ತದೆ, ಜೊತೆಗೆ ಉಳಿದ ಮೀನುಗಳನ್ನೂ ತಿನ್ನುತ್ತದೆ.