40 ಕಂಪ್ಯೂಟರ್‌ಗಳಿಗೆ ತಾನಾಗಿ ಡೆಬಿಯನ್ ಇನ್‌ಸ್ಟಾಲ್ ಆಗುವಂತೆ ಮಾಡುವುದು ಹೇಗೆ?

ನಿಮ್ಮ ಲ್ಯಾಬಿನ 40 ಕಂಪ್ಯೂಟರ್‌ಗಳ ಎದುರು ಪೆನ್‌ಡ್ರೈವ್ ಹಿಡಿದು ಒಂದೊಂದಾಗಿ ಕೂರದೆ ಎಲ್ಲಕ್ಕೂ ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನು ಹಾಕಬಹುದೇ, ಒಂದನ್ನು ಸಿದ್ಧಪಡಿಸಿ ಉಳಿದವಕ್ಕೆ ಕ್ಲೋನ್ ಮಾಡಿದರೆ ಸಾಲದೇ ಎಂದು ಕೇಳಿದ್ದೀರಿ. ಉಡುಪಿ ಸಮೀಪದ ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಳ್ಳುವ ನಾನು ಎರಡನ್ನೂ ಮಾಡಿ ನೋಡಿದ್ದೇನೆ. ಕ್ಲೋನ್ ಬೇಡ, ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳಿಗೆ ಮೊದಲೇ ಉತ್ತರ ಕೊಡುವ ಉತ್ತರ ಕಡತವನ್ನು ಬರೆಯಿರಿ ಎಂಬುದು ನನ್ನ ಸಲಹೆ.

ಕ್ಲೋನ್‌ಜಿಲ್ಲಾದಂತಹ ಸಾಧನದಿಂದ ಡಿಸ್ಕಿನ ಪ್ರತಿ ತೆಗೆಯುವುದು ಮೊದಲ ದಿನ ಬಹಳ ಸುಲಭವೆನಿಸುತ್ತದೆ. ಆದರೆ ಪ್ರತಿಯ ಜೊತೆಗೆ ಮೂಲ ಯಂತ್ರದ ಹೆಸರು, ಅದರ ಮೆಷಿನ್ ಐಡಿ (ಪ್ರತಿ ಯಂತ್ರಕ್ಕೂ ಬೇರೆಯಾಗಿರಬೇಕಾದ ಗುರುತು), ದೂರದಿಂದ ಲಾಗಿನ್ ಆಗುವಾಗ ಯಂತ್ರವನ್ನು ಗುರುತಿಸುವ ಎಸ್‌ಎಸ್‌ಎಚ್ ಕೀಲಿಗಳು ಎಲ್ಲವೂ ನಲವತ್ತು ಕಡೆಗೂ ಹೋಗುತ್ತವೆ. ಮೆಷಿನ್ ಐಡಿಯನ್ನೇ ಗುರುತಾಗಿ ಬಳಸುವ ವ್ಯವಸ್ಥೆಗಳಲ್ಲಿ ಎರಡು ಯಂತ್ರಗಳು ಒಂದೇ ಐಪಿ ವಿಳಾಸಕ್ಕೆ ಜಗಳವಾಡುವುದೂ ಉಂಟು. ಮೇಲಾಗಿ ಮುಂದಿನ ಸೆಮಿಸ್ಟರಿಗೆ ಒಂದು ಹೊಸ ಪ್ಯಾಕೇಜ್ ಬೇಕೆಂದರೆ ಇಡೀ ಪ್ರತಿಯನ್ನು ಮತ್ತೆ ತಯಾರಿಸಬೇಕು. ಉತ್ತರ ಕಡತದಲ್ಲಿ ಒಂದು ಸಾಲು ಸೇರಿಸಿದರೆ ಆಯಿತು.

ಇನ್‌ಸ್ಟಾಲರ್ ಕೇಳುವ ಭಾಷೆ, ಕೀಬೋರ್ಡ್, ಡಿಸ್ಕಿನ ವಿಭಜನೆ, ಬಳಕೆದಾರನ ಹೆಸರು ಮುಂತಾದ ಪ್ರಶ್ನೆಗಳಿಗೆಲ್ಲ ಮೊದಲೇ ಬರೆದಿಟ್ಟ ಉತ್ತರಗಳೇ ಈ ಕಡತ. ಡೆಬಿಯನ್‌ನಲ್ಲಿ ಇದನ್ನು ಪ್ರಿಸೀಡ್ ಎನ್ನುತ್ತಾರೆ, ಫೆಡೋರಾದಲ್ಲಿ ಕಿಕ್‌ಸ್ಟಾರ್ಟ್, ಉಬುಂಟುವಿನಲ್ಲಿ ಆಟೊಇನ್‌ಸ್ಟಾಲ್. ಡೆಬಿಯನ್‌ನ ಅನುಸ್ಥಾಪನಾ ಕೈಪಿಡಿಯಲ್ಲಿ ಟಿಪ್ಪಣಿಗಳ ಸಮೇತ ಒಂದು ಮಾದರಿ ಕಡತವಿದೆ, ಅದನ್ನೇ ತಿದ್ದಿಕೊಳ್ಳಿ. ಪ್ಯಾಕೇಜ್‌ಗಳ ಸಾಲಿನಲ್ಲಿ ಕನ್ನಡದ ಫಾಂಟ್‌ಗಳನ್ನೂ ಕನ್ನಡ ಟೈಪಿಂಗಿಗೆ ಬೇಕಾದ ಐಬಸ್ ಎಂ17ಎನ್ ತಂತ್ರಾಂಶವನ್ನೂ ಸೇರಿಸಿದರೆ ಕಗಪ ಕೀಬೋರ್ಡ್ ವಿನ್ಯಾಸದಲ್ಲಿ ಟೈಪ್ ಮಾಡುವವರು ನಿಮ್ಮನ್ನು ಹುಡುಕಿಕೊಂಡು ಬರುವುದು ತಪ್ಪುತ್ತದೆ. ಪಾಸ್‌ವರ್ಡನ್ನು ಮಾತ್ರ ಇದ್ದ ಹಾಗೆಯೇ ಬರೆಯದೆ ಹ್ಯಾಶ್ ರೂಪದಲ್ಲಿ, ಅಂದರೆ ನೇರವಾಗಿ ಓದಲಾಗದ ಸಂಕೇತವಾಗಿ, ಕೊಡಿ, ಏಕೆಂದರೆ ಲ್ಯಾಬಿನ ಯಾವ ಯಂತ್ರದಿಂದ ಬೇಕಾದರೂ ಆ ಕಡತವನ್ನು ತೆರೆದು ಓದಬಹುದು.

ಹೆಚ್ಚು ಎಚ್ಚರ ಬೇಕಾದದ್ದು ಡಿಸ್ಕಿನ ವಿಷಯದಲ್ಲಿ. ಹಳೆಯ ಸಾಟಾ ಡಿಸ್ಕಿನ ಹೆಸರು ಒಂದು ಬಗೆ, ಹೊಸ ಬಗೆಯ ಎನ್‌ವಿಎಂಇ ಡಿಸ್ಕಿನ ಹೆಸರು ಇನ್ನೊಂದು ಬಗೆ. ಯಾರೋ ಪೆನ್‌ಡ್ರೈವ್ ಚುಚ್ಚಿಟ್ಟು ಹೋಗಿದ್ದರೆ ಕೆಲವೊಮ್ಮೆ ಅದೇ ಮೊದಲ ಡಿಸ್ಕಾಗಿ ಕಾಣಿಸುತ್ತದೆ. ಆದ್ದರಿಂದ ಕಡತದಲ್ಲಿ ಡಿಸ್ಕಿನ ಹೆಸರನ್ನು ನೇರವಾಗಿ ಬರೆಯದೆ, ತೆಗೆದುಹಾಕಲಾಗದ ಡಿಸ್ಕನ್ನು ಹುಡುಕಿ ಆರಿಸುವ ನಾಲ್ಕು ಸಾಲಿನ ಸ್ಕ್ರಿಪ್ಟನ್ನು ವಿಭಜನೆಗೆ ಮೊದಲು ಓಡಿಸಿ.

ಇನ್ನು ಎಲ್ಲ ಯಂತ್ರಗಳಿಗೆ ಇದನ್ನು ತಲುಪಿಸುವ ಬಗೆ. ನೆಟ್‌ವರ್ಕ್ ಮೂಲಕ ಬೂಟ್ ಆಗುವ ಪಿಎಕ್ಸ್‌ಇ ಸೌಲಭ್ಯವು ಸಾಮಾನ್ಯವಾಗಿ ಎಲ್ಲ ಆಫೀಸ್ ಕಂಪ್ಯೂಟರ್‌ಗಳಲ್ಲೂ ಇರುತ್ತದೆ. ಡಿಎಚ್‌ಸಿಪಿ ಸರ್ವರ್ ಯಂತ್ರಕ್ಕೆ ವಿಳಾಸವನ್ನೂ ಬೂಟ್ ಕಡತದ ಹೆಸರನ್ನೂ ಹೇಳುತ್ತದೆ, ಯಂತ್ರವು ಟಿಎಫ್‌ಟಿಪಿ ಎಂಬ ಸರಳ ಕಡತ ವರ್ಗಾವಣೆಯ ಮೂಲಕ ಬೂಟ್‌ಲೋಡರ್ ಮತ್ತು ವ್ಯವಸ್ಥೆಯ ತಿರುಳಾದ ಕರ್ನೆಲ್ ತರಿಸಿಕೊಳ್ಳುತ್ತದೆ, ಉಳಿದದ್ದು ಎಚ್‌ಟಿಟಿಪಿ ಮೂಲಕ ಬರುತ್ತದೆ. ನಿಮ್ಮ ಕಾಲೇಜಿನಲ್ಲಿ ಈಗಾಗಲೇ ಡಿಎಚ್‌ಸಿಪಿ ಸರ್ವರ್ ಇರುತ್ತದೆ. ಅದರ ಜೊತೆಗೆ ಇನ್ನೊಂದನ್ನು ಶುರುಮಾಡಿದರೆ ಇಡೀ ಕ್ಯಾಂಪಸ್‌ನ ಇಂಟರ್‌ನೆಟ್ ಕೆಟ್ಟು ಎಲ್ಲರೂ ನಿಮ್ಮ ಬಾಗಿಲಿಗೆ ಬರುತ್ತಾರೆ. ಡಿಎನ್‌ಎಸ್‌ಮಾಸ್ಕ್ ಎಂಬ ಪುಟ್ಟ ತಂತ್ರಾಂಶವನ್ನು ಪ್ರಾಕ್ಸಿ ರೀತಿಯಲ್ಲಿ ನಡೆಸಿದರೆ ವಿಳಾಸ ಕೊಡುವ ಕೆಲಸ ಹಳೆಯ ಸರ್ವರಿನಲ್ಲೇ ಉಳಿದು, ಬೂಟ್ ಮಾಹಿತಿ ಮಾತ್ರ ನಿಮ್ಮಿಂದ ಹೋಗುತ್ತದೆ. ಆನ್ ಆದೊಡನೆ ಹಳೆಯ ಬಯಾಸ್ ತಂತ್ರಾಂಶದಿಂದ ಶುರುವಾಗುವ ಯಂತ್ರಕ್ಕೂ ಹೊಸ ಯುಇಎಫ್‌ಐನಿಂದ ಶುರುವಾಗುವ ಯಂತ್ರಕ್ಕೂ ಬೇರೆ ಬೇರೆ ಬೂಟ್ ಕಡತ ಬೇಕು. ಅದೇ ಸರ್ವರಿನಲ್ಲಿ ಪ್ಯಾಕೇಜ್‌ಗಳ ಪ್ರತಿ ಇಟ್ಟುಕೊಳ್ಳುವ ಆಪ್ಟ್ ಕ್ಯಾಷರ್ ಎನ್‌ಜಿ ಎಂಬ ತಂತ್ರಾಂಶವನ್ನು ಇಟ್ಟುಕೊಂಡರೆ ಪ್ಯಾಕೇಜ್‌ಗಳು ಹೊರಗಿನಿಂದ ಒಮ್ಮೆ ಮಾತ್ರ ಇಳಿದು ಉಳಿದ 39 ಯಂತ್ರಗಳಿಗೆ ಲ್ಯಾಬಿನೊಳಗಿಂದಲೇ ಸಿಗುತ್ತವೆ.

ನನ್ನದೇ ಒಂದು ತಪ್ಪನ್ನು ಹೇಳಲೇಬೇಕು. ಇನ್‌ಸ್ಟಾಲ್ ಮುಗಿದ ಮೇಲೂ ನಾನು ನೆಟ್‌ವರ್ಕ್ ಬೂಟನ್ನೇ ಮೊದಲ ಆಯ್ಕೆಯಾಗಿ ಬಿಟ್ಟಿದ್ದೆ, ಮೆನುವಿನಲ್ಲಿಯೂ ಹತ್ತು ಸೆಕೆಂಡಿನ ನಂತರ ಇನ್‌ಸ್ಟಾಲ್ ತಾನಾಗಿ ಶುರುವಾಗುವಂತೆ ಇಟ್ಟಿದ್ದೆ. ಮೇ ತಿಂಗಳ ಒಂದು ಸಂಜೆ, ಮಳೆಗಾಲಕ್ಕೆ ಮುಂಚಿನ ಗುಡುಗು ಸಿಡಿಲಿಗೆ ಕರೆಂಟ್ ಹೋಗಿ ಮರಳಿ ಬಂತು. ಕರೆಂಟ್ ಬಂದೊಡನೆ ತಾವಾಗಿಯೇ ಆನ್ ಆಗುವಂತೆ ಬಯಾಸ್‌ನಲ್ಲಿ ಹೊಂದಿಸಿದ್ದ ಯಂತ್ರಗಳು, ಯುಪಿಎಸ್ ಆಸರೆಯಲ್ಲಿ ಎಚ್ಚರವಾಗಿಯೇ ಇದ್ದ ಸರ್ವರಿನಿಂದ, ಹೇಳಿಕೊಟ್ಟ ಹಾಗೆಯೇ ಹೊಸದಾಗಿ ಇನ್‌ಸ್ಟಾಲ್ ಮಾಡಿಕೊಂಡವು. ಬೆಳಿಗ್ಗೆ ಬಾಗಿಲು ತೆರೆದಾಗ ಎಲ್ಲ ಪರದೆಗಳ ಮೇಲೂ ಲಾಗಿನ್ ಪುಟ ಅಚ್ಚುಕಟ್ಟಾಗಿಯೇ ಇತ್ತು. ಅಂತಿಮ ವರ್ಷದವರ ಪ್ರಾಜೆಕ್ಟ್‌ಗಳು ಇರಲಿಲ್ಲ. ಅಂದಿನಿಂದ ಮೆನುವಿನ ಮೊದಲ ಆಯ್ಕೆ ಡಿಸ್ಕಿನಿಂದ ಬೂಟ್ ಆಗುವುದೇ ಆಗಿದೆ. ಯಾವ ಯಂತ್ರಕ್ಕೆ ಇನ್‌ಸ್ಟಾಲ್ ಆಗಬೇಕೋ ಅದರ ಮ್ಯಾಕ್ ವಿಳಾಸದ (ನೆಟ್‌ವರ್ಕ್ ಕಾರ್ಡಿನ ವಿಶಿಷ್ಟ ಸಂಖ್ಯೆಯ) ಹೆಸರಿನಲ್ಲಿ ಮಾತ್ರ ಒಂದು ಕಡತವನ್ನು ಸರ್ವರಿನಲ್ಲಿಡುತ್ತೇನೆ. ಇನ್‌ಸ್ಟಾಲಿನ ಕೊನೆಯ ಆದೇಶವು ಸರ್ವರಿಗೆ ಸುದ್ದಿ ಕೊಟ್ಟು ಆ ಕಡತವನ್ನು ಅಳಿಸುತ್ತದೆ. ಕೆಲಸ ಮುಗಿದ ದಿನ ಡಿಎನ್‌ಎಸ್‌ಮಾಸ್ಕನ್ನೂ ನಿಲ್ಲಿಸುತ್ತೇನೆ.

ಮೊದಲು ಒಂದು ವರ್ಚುವಲ್ ಯಂತ್ರದಲ್ಲಿ, ಆಮೇಲೆ ಎರಡು ನಿಜವಾದ ಯಂತ್ರಗಳಲ್ಲಿ ನಡೆಸಿ ನೋಡಿ. ನಿಮ್ಮ ಲ್ಯಾಬಿನಲ್ಲಿ 32 ಬಿಟ್‌ನ ಹಳೆಯ ಯಂತ್ರಗಳಿದ್ದರೆ ಅವನ್ನು ಈಗಲೇ ಬೇರ್ಪಡಿಸಿ: 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಅವಕ್ಕೆ ಇನ್‌ಸ್ಟಾಲರ್ ಇಲ್ಲ, 12ಕ್ಕೆ ಪ್ರತ್ಯೇಕ ಕಡತ ಬರೆಯಬೇಕಾಗುತ್ತದೆ.